ನಿದ್ದೆ ಹೋದ ಸಾಕ್ಷಿ

ದಾಳ ಉರುಳಿದಾಗ ಮಗು ನಿದ್ದೆ ಮಾಡುತ್ತಿತ್ತು.

ಹನ್ನೆರಡು ದಿನದಿಂದ ಸಿಗ್ನೆಯ ತಲೆಯಲ್ಲಿ ಕೂತಿರುವುದು ಇಷ್ಟೇ. ಬಾಟಲಿ ಕುದಿಸುವಾಗ, ಒಗೆದ ಬಟ್ಟೆ ಮಡಿಸುವಾಗ, ಕಿಟಕಿಯಾಚೆ ಹೆಪ್ಪುಗಟ್ಟಿ ಬಿದ್ದಿರುವ ಸರೋವರ ನೋಡುವಾಗ, ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ಪರೀಕ್ಷಿಸುವಾಗಲೂ ಇದೇ. ಐದು ತಿಂಗಳ ಐವರ್ ಆ ಗುರುವಾರ ಮಧ್ಯಾಹ್ನ ಎರಡೂ ಕಣ್ಣು ಮುಚ್ಚಿ ಮಲಗಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಾಳ ಉರುಳಿಸಿದಳು.

ಗಂಡ ರೋಲ್ಫ್‌ಗೆ ಹೇಳಿ ನೋಡಿದಳು. ಅವನು ಅದಿರಿನ ರೈಲು ಓಡಿಸುವವನು. ಕಾರಣವಿಲ್ಲದೆ ಬ್ರೇಕು ಹಾಕುವ ಸ್ವಭಾವದವನಲ್ಲ.

"ಅಂದ್ರೆ, ಇಲ್ಲದೇ ಇರೋ ಅಂಗಡಿಗೋಸ್ಕರ ದಾಳ ಹಾಕ್ದೆ. ಒಳ್ಳೇದೇ ಬಿತ್ತು. ಈಗ ಮಗು ಮಲಗಿತ್ತು ಅಂತ ನಿಂಗೆ ಊಟ ಸೇರ್ತಿಲ್ಲ."

"ಊಟ ಸೇರ್ತಿದೆ. ನಿದ್ದೆ ಬರ್ತಿಲ್ಲ."

"ನಿದ್ದೆ ಬರದೇ ಇರೋದು ಮಗು ದೆಸೆಯಿಂದ ಅಲ್ವಾ?"

"ಅದೂ ಇದೆ," ಅಂದಳು ಸಿಗ್ನೆ.

ಸಿಗ್ನೆ ಮಿನಿಯಾಪೊಲಿಸ್‌ನಂಥ ದೊಡ್ಡ ಊರಲ್ಲಿ ಓದಿ ಬೆಳೆದವಳು. ಮದುವೆಯಾಗಿ ಡುಲೂತ್‌ಗೆ ಬಂದ ಮೇಲೆ ದಂತವೈದ್ಯರೊಬ್ಬರ ಬಳಿ ಹಲ್ಲು ಶುಚಿ ಮಾಡುವ ಕೆಲಸ ಹಿಡಿದಳು. ಬಾಯಿ ತೆರೆದು ಮಲಗಿದವರ ಜೊತೆ ಎಷ್ಟು ಮಾತಾಡಿದರೂ ಸ್ನೇಹ ಕುದುರುವುದಿಲ್ಲ ಎಂಬುದು ತಿಳಿಯಲು ಎರಡು ವರ್ಷ ಬೇಕಾಯಿತು. ಆಮೇಲೊಂದು ದಿನ ಗ್ರಂಥಾಲಯದ ಹಲಗೆಯ ಮೇಲೆ ಒಂದು ಚೀಟಿ ಕಂಡಳು: "ಶನಿವಾರದ ಆಟಕ್ಕೆ ಒಬ್ಬರು ಕಡಿಮೆ ಇದ್ದೇವೆ. ಅನುಭವ ಬೇಡ. ತಿಂಡಿ ತರಬೇಕು." ಆ ನಂಬರಿಗೆ ಫೋನು ಮಾಡಲು ನಾಲ್ಕು ದಿನ ಹಿಡಿಯಿತು. ಅವಳ ಲೆಕ್ಕದಲ್ಲಿ ಅದು ಬೇಗವೇ.

ಚೀಟಿ ಹಾಕಿದವನು ಲೋವೆಲ್ ಪೆಕ್ಕಲ. ಅರವತ್ತೆಂಟು ವರ್ಷ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಮನೆಯ ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತು ಆಡುವ ಆಟ. ಲೋವೆಲ್ ಕತೆ ನಡೆಸುತ್ತಾನೆ. ಉಳಿದವರು ಆ ಕತೆಯೊಳಗೆ ಒಬ್ಬೊಬ್ಬರಾಗಿ ಬದುಕುತ್ತಾರೆ. ಅಂದುಕೊಂಡದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸಿಗ್ನೆ ಅಲ್ಲಿ ಗ್ರಿಮ್ಮಾ ಎಂಬ ಕೊಡಲಿ ಹಿಡಿದ ಹೆಂಗಸು. ಅಂಚೆ ಹಂಚುವ ಬರ್ನಡೀನ್ ಅಲ್ಲಿ ಸಿಲ್ ಎಂಬ ಕಳ್ಳಿ. ಮೊಳೆ, ಸುತ್ತಿಗೆ ಮಾರುವ ಮರ್ವಿನ್ ಅಲ್ಲಿ ಯಾವ ದೇವರಿಗೆ ಸೇರಿದವನೆಂದು ಇನ್ನೂ ಹೇಳಿರದ ಪೂಜಾರಿ.

ಲೋವೆಲ್‌ನದು ಒಂದೇ ಒಂದು ಕಟ್ಟುನಿಟ್ಟು. ದಾಳ ಬಿದ್ದಾಗ ಇನ್ನೊಬ್ಬರ ಕಣ್ಣು ಅದರ ಮೇಲಿರಬೇಕು. ಯಾರೂ ನೋಡದ ದಾಳ ಬಿದ್ದಂತೆಯೇ ಅಲ್ಲ. ಮೂವತ್ತು ವರ್ಷ ಬಸ್ಸಿನ ಕನ್ನಡಿಯಲ್ಲಿ ಮಕ್ಕಳನ್ನು ನೋಡಿದವನಿಗೆ ಬೇರೆ ಅಭಿಪ್ರಾಯ ಇರುವುದು ಕಷ್ಟ.

ಬೇರೆ ತಂಡಗಳು ನಿಧಿ ಹುಡುಕಿಕೊಂಡು ಹೋಗುತ್ತವಂತೆ. ಇವರದು ಬಟ್ಟೆ ಒಗೆಯುವ ಅಂಗಡಿ. ಎರಡು ವರ್ಷದ ಹಿಂದೆ ಕತೆಯೊಳಗೆ ಜೌಗಿನಲ್ಲಿ ಯಾವುದೋ ಪ್ರಾಣಿ ಕೊಂದು, ಮೈತುಂಬ ಅದರ ಪಿತ್ತ ಮೆತ್ತಿಕೊಂಡು ಊರಿಗೆ ಬಂದಾಗ, ಅಲ್ಲಿನ ಒಗೆಯುವವಳು ಮೂಗು ಮುಚ್ಚಿಕೊಂಡು ಬಾಗಿಲು ಹಾಕಿದಳು. ಅವಮಾನವಾಗಿ ಮೂವರೂ ಸೇರಿ ಅಂಗಡಿಯನ್ನೇ ಕೊಂಡುಬಿಟ್ಟರು. ಹೆಸರು "ಬಿಳಿ ಹೆಬ್ಬಾತು". ಒಂದು ಸಾಹಸ ಮುಗಿದು ಇನ್ನೊಂದು ಶುರುವಾಗುವ ನಡುವೆ ಕತೆಯಲ್ಲಿ ಬಿಡುವಿನ ವಾರಗಳು ಬರುತ್ತವೆ. ಆ ವಾರಗಳಲ್ಲಿ ಅಂಗಡಿ ನಡೆಸಬೇಕು: ನೀರು ಯಾರು ಹೊರುವುದು, ಗಿರಾಕಿಗಳನ್ನು ಯಾರು ಮಾತಾಡಿಸುವುದು, ಇಸ್ತ್ರಿ ಯಾರದು. ವಾರಕ್ಕೊಂದು ದಾಳ. ಕೆಟ್ಟದಾಗಿ ಬಿದ್ದರೆ ಊರಗೌಡನ ಮಗಳ ಮದುವೆ ಬಟ್ಟೆ ಹಸಿರಾಗುತ್ತದೆ. ಒಂದು ಶನಿವಾರವಂತೂ ಯಾರೂ ಯಾರನ್ನೂ ಕೊಲ್ಲಲಿಲ್ಲ. ಬೂದಿನೀರು ಎಷ್ಟು ಹೊತ್ತು ಕುದಿಸಬೇಕು ಎಂಬುದರ ಮೇಲೇ ಸಂಜೆಯಾಯಿತು. ಅಂಥ ಒಳ್ಳೆಯ ಶನಿವಾರ ಮತ್ತೆ ಬರಲಿಲ್ಲ ಎಂದು ಸಿಗ್ನೆಗೆ ಈಗಲೂ ಅನ್ನಿಸುತ್ತದೆ.

ಅಕ್ಟೋಬರಿನಲ್ಲಿ ಐವರ್ ಹುಟ್ಟಿದ. ಲೋವೆಲ್‌ನ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಇನ್ನು ದಾಳ. ಶೌಚದ ಕಾಗದ ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ಏನು ತೂರುತ್ತದೋ ಅದು ಮಗುವಿನ ಗಂಟಲಿಗೂ ಹೋಗುತ್ತದೆ ಎಂದು ಓದಿದ್ದಳು. ಆಟಕ್ಕೆಂದು ಇಟ್ಟುಕೊಂಡಿದ್ದ ಏಳೂ ದಾಳಗಳನ್ನು ತೂರಿಸಿ ನೋಡಿದಳು. ಏಳೂ ತೂರಿದವು. ಇನ್ನು ಶನಿವಾರ ಬರಲಾಗದು ಎಂದು ಲೋವೆಲ್‌ಗೆ ಫೋನಿನಲ್ಲಿ ಇದನ್ನೆಲ್ಲ ವಿವರವಾಗಿಯೇ ಹೇಳಿದಳು.

"ಹಾಗಾದ್ರೆ ಗ್ರಿಮ್ಮಾ ಅಂಗಡಿ ನೋಡ್ಕೊಳ್ಲಿ," ಅಂದ ಲೋವೆಲ್. "ಗುರುವಾರ ಗುರುವಾರ ಮನೇಲೇ ದಾಳ ಹಾಕು. ನಂಬರು ಕಳ್ಸು."

"ಯಾರು ನೋಡೋದು? ರೋಲ್ಫ್ ಕೆಲ್ಸದಲ್ಲಿರ್ತಾನೆ."

"ಮಗೂಗೆ ಕಣ್ಣಿದೆ ತಾನೆ?"

"ಎರಡಿದೆ."

"ಸಾಕು."

ಅಂದಿನಿಂದ ಪ್ರತಿ ಗುರುವಾರ ಸಿಗ್ನೆ ಐವರ್‌ನನ್ನು ಮಡಿಲಲ್ಲಿಟ್ಟುಕೊಂಡು, ದಾಳ ತೋರಿಸಿ, ಕೇಕಿನ ತಟ್ಟೆಯಲ್ಲಿ ಉರುಳಿಸುತ್ತಿದ್ದಳು. ಬಿದ್ದ ನಂಬರಿನ ಜೊತೆ, ಗ್ರಿಮ್ಮಾ ಆ ವಾರ ಏನು ಮಾಡಿದಳೆಂದು ಮೂರು ಸಾಲು ಬರೆದು ಕಳಿಸುತ್ತಿದ್ದಳು. ಇತ್ತ ಮನೆಯಲ್ಲಿ ಹಾಲು ಕಕ್ಕಿದ ಬಟ್ಟೆಗಳ ಗುಡ್ಡ ಬೆಳೆಯುತ್ತಲೇ ಇತ್ತು; ಅತ್ತ ಬಿಳಿ ಹೆಬ್ಬಾತಿನಲ್ಲಿ ಒಗೆದದ್ದು ಒಗೆದಂತೆ ಇರುತ್ತಿತ್ತು. ಮೇಲಾಗಿ, ಈ ವಾರ ನೀನೇನು ಮಾಡಿದೆ ಎಂದು ಅವಳನ್ನು ಕೇಳುವವರಿದ್ದುದು ಆ ಅಂಗಡಿಯಲ್ಲಿ ಮಾತ್ರ. ಶನಿವಾರ ಆಗಲೇ ಕೈಬಿಟ್ಟಿತ್ತು. ಲೋವೆಲ್‌ಗೆ ನಂಬಿಕೆ ಹೋದರೆ ಗುರುವಾರವೂ ಹೋಗುತ್ತದೆ. ಆಮೇಲೆ ಅವರು ಗ್ರಂಥಾಲಯದಲ್ಲಿ ಇನ್ನೊಂದು ಚೀಟಿ ಹಾಕಬೇಕು, ಒಬ್ಬರು ಕಡಿಮೆ ಇದ್ದೇವೆ ಎಂದು.

ಹನ್ನೆರಡು ದಿನದ ಹಿಂದಿನ ಗುರುವಾರ ಲೋವೆಲ್‌ನ ಸಂದೇಶ ಬಂತು. ಕೋಟೆಯವರು ತಮ್ಮ ಬಟ್ಟೆಗೆ ಹೊಸ ಒಗೆಯುವವರನ್ನು ಹುಡುಕುತ್ತಿದ್ದಾರೆ. ಹದಿನೆಂಟು ಅಥವಾ ಮೇಲೆ ಬಿದ್ದರೆ ಕೆಲಸ ನಿಮ್ಮದು. ಐದು ಅಥವಾ ಕೆಳಗೆ ಬಿದ್ದರೆ ಒಗೆಯುವವರ ಸಂಘ ಬಂದು ಅಂಗಡಿಗೆ ಬೀಗ ಜಡಿಯುತ್ತದೆ.

ಐವರ್‌ಗೆ ಹಲ್ಲು ಬರುತ್ತಿತ್ತು. ಬೆಳಗಿನಿಂದ ಕಿರುಚಿ ಕಿರುಚಿ ಎರಡು ಗಂಟೆಗೆ ಮಲಗಿದ. ಬರ್ನಡೀನ್ ಕಾಗದ ಹಂಚುತ್ತಲೇ ಐದು ನಿಮಿಷಕ್ಕೊಮ್ಮೆ "ಬಿತ್ತಾ?" ಎಂದು ಕೇಳಿ ಕಳಿಸುತ್ತಿದ್ದಳು. ಮಲಗಿದ ಮಗುವನ್ನು ಸಾಕ್ಷಿ ಹೇಳಲು ಎಬ್ಬಿಸುವ ತಾಯಿ ಎಲ್ಲಾದರೂ ಉಂಟೇ? ಸಿಗ್ನೆ ದಾಳ ಉರುಳಿಸಿದಳು. ಇಪ್ಪತ್ತು. ಕಳಿಸಿದಳು.

ಶನಿವಾರ ಸಂಜೆ ಬರ್ನಡೀನ್ ಫೋನು ಮಾಡಿದಳು. ಕೋಟೆಯೊಳಕ್ಕೆ ಬಟ್ಟೆಬುಟ್ಟಿ ಹೊತ್ತುಕೊಂಡು ಹೋದರಂತೆ, ಯಾರೂ ತಡೆಯಲಿಲ್ಲವಂತೆ. ಎರಡು ವರ್ಷದಿಂದ ನೆಲಮನೆಯಲ್ಲಿ ಸೆರೆಯಿದ್ದ ಅವಳ ಪಾತ್ರ ಸಿಲ್‌ಳ ತಮ್ಮ ಟೋಬ್, ಹಾಸಿಗೆಬಟ್ಟೆಗಳ ಕೆಳಗೆ ಮುದುರಿ, ಬುಟ್ಟಿಯಲ್ಲಿ ಹೊರಗೆ ಬಂದನಂತೆ.

"ಅತ್ತೇಬಿಟ್ಟೆ ಕಣೇ. ಮರ್ವಿನ್ ಒರೆಸ್ಕೋ ಅಂತ ಕಾಗದ ಕೊಟ್ಟ, ಅದ್ರಲ್ಲಿ ಸಾಸಿವೆ ಮೆತ್ತಿತ್ತು. ಇನ್ನೂ ಅತ್ತೆ. ಎಲ್ಲಾ ನಿನ್ನಿಂದ. ಲೋವೆಲ್ ಏನು ಕೇಳ್ದ ಗೊತ್ತಾ? ಸಾಕ್ಷಿ ನೋಡಿದ್ನಂತಾ ಅಂತ. ನೋಡ್ದೇ ಇರ್ತಾನಾ, ಅವನೂ ಅವರಮ್ಮನ ಥರ ಕಣ್ಣು ಮಿಟುಕಿಸಲ್ಲ ಅಂದೆ. ಸರಿ ತಾನೆ?"

"ಹೂಂ," ಅಂದಳು ಸಿಗ್ನೆ.

ಮಾಡಿದ ತಪ್ಪಿಗಿಂತ ಆ ಹೂಂ ದೊಡ್ಡದಾಯಿತು. ಮುಂದಿನ ಗುರುವಾರ ಲೋವೆಲ್, "ಸಾಕ್ಷಿ ಹೇಗಿದ್ದಾನೆ?" ಎಂದು ಸುಮ್ಮನೆ ಕೇಳಿ ಕಳಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸಿಗ್ನೆ ಅದನ್ನು ಹನ್ನೊಂದು ಸಲ ಓದಿದಳು. ಆವತ್ತು ಐವರ್‌ನ ಮುಖ ತಟ್ಟೆಯ ಕಡೆಗೆ ಹಿಡಿದುಕೊಂಡೇ ದಾಳ ಹಾಕಿದಳು. ಏಳು ಬಿತ್ತು, ಅಂಗಡಿಯಲ್ಲಿ ಒಂದು ಹಾಸಿಗೆಬಟ್ಟೆ ತೂತಾಯಿತು. ಅವಳಿಗೆ ಅರ್ಧ ಗಂಟೆ ಹಾಯೆನಿಸಿತು.

ಮಂಗಳವಾರ ಬೆಳಿಗ್ಗೆ ಬರ್ನಡೀನ್ ಕಾಗದಗಳ ಜೊತೆ ಒಂದು ಉದ್ದನೆಯ ಪೊಟ್ಟಣ ತಂದಳು. ಹಿಮದ ಬೂಟು ಬಿಚ್ಚಲಾರದೆ ಬಾಗಿಲಲ್ಲೇ ನಿಂತಳು.

"ಮರ್ವಿನ್ ಮಾಡಿದ್ದು. ಅಂಗಡಿಗೆ ಬೋರ್ಡು. ಕತೇಲಿ ನೇತಾಕೋಕಾಗಲ್ವಲ್ಲ, ನಿಮ್ಮನೇಲಿ ಹಾಕು ಅಂದ."

ಒಳ್ಳೆಯ ಮರ. ಕೊರೆದ ಹೆಬ್ಬಾತು ಬಾತುಕೋಳಿಯಂತಿತ್ತು. ಕೆಳಗೆ ಅಕ್ಷರ: "ಬಿಳಿ ಹೆಬ್ಬಾತು. ಪ್ರಾಮಾಣಿಕ ಒಗೆತ, ಸಾಕ್ಷಿ ಸಮೇತ."

"ಯಾಕೆ, ಚೆನ್ನಾಗಿಲ್ವಾ?" ಅಂದಳು ಬರ್ನಡೀನ್.

"ಚೆನ್ನಾಗಿದೆ."

"ನಿನ್ನ ಮುಖ ನೋಡಿದ್ರೆ ಸಾವಿನ ಕಾಗದ ತಂದಂಗಿದೆ," ಎಂದು ಬರ್ನಡೀನ್ ಪಕ್ಕದ ಮನೆಗೆ ಹೋದಳು.

ಸಿಗ್ನೆ ಬೋರ್ಡನ್ನು ಗೋಡೆಗೆ ಒರಗಿಸಿದಳು. ತಿರುಗಿಸಿಟ್ಟಳು. ಹಿಂದುಗಡೆ ಮರ್ವಿನ್ ಸಣ್ಣ ಅಕ್ಷರದಲ್ಲಿ "ಐವರ್‌ಗೆ" ಎಂದು ಬರೆದಿದ್ದ. ಮತ್ತೆ ಮುಂದಕ್ಕೆ ತಿರುಗಿಸಿದಳು. ಐವರ್‌ನನ್ನು ಸೊಂಟಕ್ಕೇರಿಸಿಕೊಂಡು ಫೋನು ಕೈಗೆತ್ತಿಕೊಂಡಳು.

"ಮಗು ಹುಷಾರಾ?" ಅಂದ ಲೋವೆಲ್.

"ಹುಷಾರು. ಲೋವೆಲ್, ಮಗು ಮಲಗಿತ್ತು."

"ಒಳ್ಳೇದು. ಮಲಗ್ಲಿ."

"ಈಗಲ್ಲ. ಇಪ್ಪತ್ತು ಬಿದ್ದಾಗ."

ಕಾಫಿ ಕಲಕುತ್ತಿದ್ದ ಚಮಚದ ಸದ್ದು ನಿಂತಿತು.

"ಎರಡೂ ಕಣ್ಣಾ?"

"ಎರಡೂ."

"ಅರೆತೆರೆದಿತ್ತೇನೋ. ಕೆಲವು ಮಕ್ಕಳು ಹಾಗೇ ಮಲಗ್ತಾವೆ. ನನ್ನ ಬಸ್ಸಲ್ಲೊಬ್ಬ ಇದ್ದ."

"ಇಲ್ಲ. ನಾನು ನೋಡ್ದೆ. ಉಸಿರಾಡ್ತಿದ್ದಾನಾ ಅಂತ ನೋಡ್ತಾನೇ ಇರ್ತೀನಲ್ಲ."

ಪುಸ್ತಕದ ಹಾಳೆ ಮಗುಚುವ ಸದ್ದು. "ಹಾಗಾದ್ರೆ ಆ ದಾಳ ಬಿದ್ದೇ ಇಲ್ಲ. ಕೋಟೆ ಬಟ್ಟೆ ನಿಮಗೆ ಸಿಕ್ಕೇ ಇಲ್ಲ."

"ಟೋಬ್‌ನ ಮತ್ತೆ ಒಳಗೆ ಹಾಕ್ತೀರಾ?"

"ಹೊರಗೆ ಬಂದವನನ್ನ ಹೇಗೆ ಹಾಕ್ಲಿ? ಬರ್ನಡೀನ್ ನನ್ನ ಕಾಗದಗಳನ್ನೆಲ್ಲ ಪಕ್ಕದ ಬೀದಿಗೆ ಹಾಕ್ತಾಳೆ." ಲೋವೆಲ್ ಕಾಫಿ ಒಂದು ಗುಟುಕು ಕುಡಿದ. "ಆದ್ರೆ ಕೇಳದೇ ಕೋಟೆ ಬಟ್ಟೆ ಹೊತ್ಕೊಂಡ್ ಬಂದ್ರಿ ಅಂತಾಯ್ತು. ಅದು ಕಳವು. ಒಗೆದು ಮಡಿಸಿಟ್ರೂ ಕಳವೇ. ಸಂಘದವರು ವಿಚಾರಣೆ ಕರೀತಾರೆ. ಗ್ರಿಮ್ಮಾ ನಿಂತು ಉತ್ತರ ಹೇಳ್ಬೇಕು."

"ಗುರುವಾರ ಬರೆದು ಕಳಿಸ್ತೀನಿ."

"ವಿಚಾರಣೆ ಬರೆದು ಕಳಿಸೋಕಾಗಲ್ಲ. ಶನಿವಾರ ಒಂದು ಗಂಟೆಗೆ ಬಾ. ಇಲ್ಲಿಗೇ."

"ನಿಮ್ಮ ಮೆಟ್ಟಿಲು..."

"ಮರ್ವಿನ್ ಜನವರೀಲೇ ಹಿಡಿಕೆ ಹಾಕ್ದ. ದಾಳಾನೂ ತಂದಿಟ್ಟಿದ್ದಾನೆ, ಕಿತ್ತಳೆ ಹಣ್ಣಿನಷ್ಟು ದೊಡ್ಡದು. ಯಾರ ಗಂಟಲಿಗೂ ಹೋಗಲ್ಲ."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ," ಅಂದ ಲೋವೆಲ್. "ಸಾಕ್ಷೀನೂ ಕರ್ಕೊಂಡ್ ಬಾ. ಅವನನ್ನೂ ವಿಚಾರಿಸ್ಬೇಕು."

ಐವರ್ ಫೋನನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದ. ಸಿಗ್ನೆ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಒಂದು ಗಂಟೆಗೆ ಅವನು ಮಲಗಿರ್ತಾನೆ, ಲೋವೆಲ್."

ಲೋವೆಲ್ ಪುಸ್ತಕದಲ್ಲಿ ಏನೋ ಗೀಚಿದ ಸದ್ದು ಕೇಳಿಸಿತು.

"ಹಾಗಾದ್ರೆ ಮೂರಕ್ಕೆ," ಅಂದ.