ತೂಕದಣ್ಣನ ತಿಂಡಿ

ಆಸ್ಪತ್ರೆಯಲ್ಲಿ ರೋಗಿಗಳ ತೂಕ, ಎತ್ತರ ನೋಡುವ ತೂಕದಣ್ಣನಿಗೆ ದೊಡ್ಡ ಡಾಕ್ಟರ ಮೇಲೆ ಹನ್ನೊಂದು ವರ್ಷದಿಂದ ಸಿಟ್ಟು; ಅಂದು ಅವರು ಇಡೀ ವಾರ್ಡಿನ ಎದುರಿಗೇ "ನಿನ್ನ ತಿಂಡೀನೂ ಸೇರಿಸಿ ಅಜ್ಜಿ ತೂಕ ಬರೆದಿದ್ದೀಯಲ್ಲಯ್ಯಾ!" ಅಂದುಬಿಟ್ಟಿದ್ದರು. ಮಾತು ಸುಳ್ಳಾಗಿದ್ದರೆ ಎಂದೋ ಮರೆಯುತ್ತಿದ್ದ; ಅದು ನಿಜ, ಸಿಟ್ಟು ಅದಕ್ಕೇ. ನಿಲ್ಲಲಾರದ ರೋಗಿಗಳನ್ನು ಅವನು ಮಗುವಿನಂತೆ ಎತ್ತಿಕೊಂಡು ತಾನೇ ತೂಕದ ಯಂತ್ರ ಹತ್ತುತ್ತಾನೆ, ಬಂದ ಅಂಕಿಯಲ್ಲಿ ಬೆಳಿಗ್ಗೆ ನೋಡಿಟ್ಟ ತನ್ನ ತೂಕ ಕಳೆಯುತ್ತಾನೆ. ಆವತ್ತು ವಾರ್ಡಿನ ಅಜ್ಜಿಯೊಬ್ಬಳನ್ನು ಎತ್ತಿ ತೂಗುವಾಗ, ನಡುವೆ ಗಡದ್ದಾಗಿ ತಿಂದದ್ದು ಮರೆತಿದ್ದ; ಆ ತಿಂಡಿಯ ತೂಕವೂ ಅಜ್ಜಿಯ ಲೆಕ್ಕಕ್ಕೆ ಸೇರಿತು. ಔಷಧಿಯ ಅಳತೆ ನಿಂತಿರುವುದೇ ಆ ಅಂಕಿಯ ಮೇಲೆ; ಕೊಡುವ ಮೊದಲೇ ಡಾಕ್ಟರು ಹಿಡಿದರು, ಬಚಾವು. ಅಂದಿನಿಂದ ಅವನ ಕಾಟ ಯಾರಿಗೂ ತಪ್ಪಿದ್ದಲ್ಲ. ಚಪ್ಪಲಿ ಬಿಡಿಸುತ್ತಾನೆ, ಜೇಬಿನ ಬೀಗದ ಕೈ ಕಕ್ಕಿಸುತ್ತಾನೆ, ಹಿಮ್ಮಡಿ ಎತ್ತಿ ಎತ್ತರ ಕದಿಯುವ ಗಂಡಸರನ್ನು ಭುಜ ಒತ್ತಿ ಇಳಿಸುತ್ತಾನೆ. ಹೊಟ್ಟೆ ಎಳೆದುಕೊಂಡು ನಿಂತವಳಿಗೆ "ಉಸಿರು ಬಿಡಕ್ಕಾ, ಹೊಟ್ಟೆ ಒಳಗೆ ಹೋದ್ರೂ ಯಂತ್ರದ ಮೇಲೇ ಇರುತ್ತೆ" ಅನ್ನುತ್ತಾನೆ. ಮದುವೆಮನೆಯಲ್ಲಿ ಭಾವಮೈದುನನನ್ನು ತಬ್ಬಿ ಎತ್ತಿ "ಎಂಬತ್ತೆರಡೂವರೆ" ಎಂದು ಕೂಗುತ್ತಾನೆ. ಹೆಂಡತಿ "ಎರಡು ತುತ್ತು ತಿಂದ್ಕೊಂಡು ಹೋಗಿ" ಅಂದರೆ "ಆ ಎರಡು ತುತ್ತು ಯಾರ ಮೈಮೇಲೆ ಬರೀಲೇ?" ಎಂದು ರೇಗುತ್ತಾನೆ. ಕೊನೆಯ ರೋಗಿಯ ತೂಕ ಮುಗಿಯುವವರೆಗೆ ಗುಟುಕು ನೀರೂ ಇಲ್ಲ. ಅಂದು ಆ ಅಜ್ಜಿ ಮಾತ್ರ ಬೈದಿರಲಿಲ್ಲ. ಮತ್ತೆ ತೂಗಲು ಎತ್ತಿಕೊಂಡಾಗ ಅವನ ತೋಳಲ್ಲೇ ಕಿಲಕಿಲ ನಕ್ಕು, "ನಿನ್ನ ತಿಂಡಿ ನನ್ನ ಮೈಗೆ ಹತ್ತಿಬಿಡ್ತಲ್ಲೋ ಮಗಾ! ಎದ್ದು ಓಡಾಡಿದ ದಿನ ನಾನೇ ಮಾಡಿ ತಿನ್ನಿಸಿ ಋಣ ತೀರಿಸ್ತೀನಿ" ಅಂದಿದ್ದಳು. ಮರುವಾರ ಅವನು ಅವಳನ್ನು ತೂಗಲು ಖಾಲಿ ಹೊಟ್ಟೆಯಲ್ಲಿ ಹೋದಾಗ ಅಜ್ಜಿ ತೀರಿಹೋಗಿದ್ದಳು, ಹಾಸಿಗೆ ಸುತ್ತಿಟ್ಟಿತ್ತು. ಆ ತಿಂಡಿ ಇನ್ನೂ ಬಾಕಿಯಿದೆ.