ಕೈ ತೊಳೆದ ಮೇಲಿನ ಮೌನ

ತೊಂಬತ್ತರ ದಶಕದ ನಡುವಿನಲ್ಲಿ, ನಾನೂ ನನ್ನ ಹೆಂಡತಿಯೂ ಸಿಂಗಪುರದಲ್ಲಿದ್ದಾಗ, ಎದುರು ಮನೆಯಲ್ಲಿ ವಯಸ್ಸಾದ ಯಹೂದಿ ದಂಪತಿ ಇದ್ದರು. ನಾನು ತಂಜಾಂಗ್ ಪಗಾರ್‌ನ ಬ್ಯಾಂಕಿನಿಂದ ಮರಳುವ ಹೊತ್ತಿಗೆ ಅಂಕಲ್ ಲಿಫ್ಟ್ ಬಳಿ ಸಿಗುತ್ತಿದ್ದರು. ಊಟ, ದ್ರಾಕ್ಷಾರಸಗಳ ಬಗ್ಗೆ ತಮ್ಮ ಪುರಾತನ ಗುರುಗಳು ನಡೆಸಿದ ವಾದಗಳನ್ನು, ಈಗಷ್ಟೇ ಪಕ್ಕದ ಕೋಣೆಯಲ್ಲಿ ಕೇಳಿ ಬಂದವರಂತೆ ಹೇಳುತ್ತಿದ್ದರು. ಆ ವರ್ಷ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಗಿ, ಇಡೀ ಒಂದು ಮಧ್ಯಾಹ್ನ ಮಾತು ನಿಂತುಹೋಗಿತ್ತು. ಆಂಟಿ ನಮ್ಮಿಬ್ಬರಿಗೂ ಹೇಳಿಟ್ಟಿದ್ದರು: "ಇನ್ನೊಂದು ಸಲ ಮಾತು ನಿಂತ್ರೆ ಕಾಯಬೇಡಿ. ತಕ್ಷಣ ಆಂಬುಲೆನ್ಸ್."

ಚೇತರಿಸಿಕೊಂಡ ಮೇಲೆ ಒಂದು ಶುಕ್ರವಾರ ಸಂಜೆ, ತಮ್ಮ ವಾರದ ಪವಿತ್ರ ದಿನ ಶುರುವಾಗುವ ಹೊತ್ತಿಗೆ, ಅವರು ನಮ್ಮನ್ನು ಊಟಕ್ಕೆ ಕರೆದರು. ಅದುವರೆಗೆ ಆ ಮನೆಯಲ್ಲಿ ನಾವು ಚಹಾ ಮಾತ್ರ ಕುಡಿದಿದ್ದೆವು. ಅಂಕಲ್ ಬಟ್ಟಲೆತ್ತಿ, ಮಂತ್ರ ಹೇಳಿ, ದ್ರಾಕ್ಷಾರಸ ಕುಡಿದರು. ಮೊದಲು ಸ್ತುತಿ ಸಲ್ಲಬೇಕಾದದ್ದು ದ್ರಾಕ್ಷಾರಸಕ್ಕೋ ಆ ಪವಿತ್ರ ದಿನಕ್ಕೋ ಎಂದು ಹಿಂದೆ ಎರಡು ಪಂಗಡಗಳು ವಾದಿಸಿದ್ದನ್ನು ಹೇಳುತ್ತಲೇ ಎದ್ದು ಅಡುಗೆಮನೆಗೆ ಹೋದರು. ಆಂಟಿಯೂ ಹೋದರು. ನೀರು ಸುರಿಯುವ ಸದ್ದು ಕೇಳಿಸಿತು. ಅಂಕಲ್ ಬಂದು ಕುಳಿತರು.

"ಕೊನೆಗೆ ಯಾರು ಗೆದ್ದರು, ಅಂಕಲ್?"

ಅಂಕಲ್ ನನ್ನನ್ನೇ ನೋಡಿದರು. ಗಂಟಲಿನಿಂದ "ಹ್ಞೂಂ, ಹ್ಞೂಂ" ಎಂಬ ಸದ್ದಷ್ಟೇ ಬಂತು. ಬಲಗೈ ಗಾಳಿಯಲ್ಲಿ ಏನನ್ನೋ ತೋರಿಸುತ್ತಿತ್ತು. ಹಿಂದೆಯೇ ಬಂದ ಆಂಟಿಯತ್ತ ತಿರುಗಿದೆ. ಅವರೂ ಮಾತಾಡಲಿಲ್ಲ. ಒದ್ದೆ ಕೈ ಆಡಿಸಿದರು.

"ಆಂಟಿಗೂ ಶಾಕ್ ಆಗಿದೆ ರೀ," ಎಂದಳು ನನ್ನ ಹೆಂಡತಿ. "ಫೋನ್ ಮಾಡಿ, ಬೇಗ!"

ನಾನು ಫೋನ್ ಎತ್ತಿಕೊಂಡೆ. ಗುಂಡಿಗಳನ್ನು ಒತ್ತತೊಡಗಿದೆ. ಅಷ್ಟರಲ್ಲಿ ಅಂಕಲ್ ಬ್ರೆಡ್ಡಿನ ಮೇಲಿನ ಬಟ್ಟೆ ಸರಿಸಿದರು. ಗಟ್ಟಿ ದನಿಯಲ್ಲಿ ಮಂತ್ರ ಹೇಳಿ, ಒಂದು ತುಂಡು ಕತ್ತರಿಸಿ, ಉಪ್ಪಿಗೆ ಅದ್ದಿ, ಅಗಿದು ನುಂಗಿದರು.

"ಆ ಫೋನ್ ಕೆಳಗಿಡು ಲಾ," ಎಂದರು, ಅಪ್ಪಟ ಸಿಂಗಪುರದವರ ಧಾಟಿಯಲ್ಲಿ.

ಆಂಟಿಗೆ ನಗು ತಡೆಯಲಾಗಲಿಲ್ಲ. ತಮ್ಮ ತುಂಡನ್ನು ನುಂಗಿದ ಮೇಲೆ ವಿವರಿಸಿದರು. ಕೈ ತೊಳೆದ ನಂತರ ಬ್ರೆಡ್ಡು ಬಾಯಿಗೆ ಹೋಗುವವರೆಗೆ ಮಾತಾಡಬಾರದೆಂಬುದು ಅವರ ಹಿರಿಯರು ಇಟ್ಟ ನಿಯಮ. "ದಿನದಲ್ಲಿ ಈ ಮನುಷ್ಯ ಬಾಯಿ ಮುಚ್ಚೋದೇ ಅಷ್ಟು ಹೊತ್ತು. ಅದಕ್ಕೂ ಆಂಬುಲೆನ್ಸ್ ಕರೀತೀಯಾ?"

ನಮ್ಮ ತಾತನೂ ಎಲೆಯ ಮುಂದೆ ಕುಳಿತರೆ ಏಳುವ ತನಕ ಮಾತಾಡುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅದು ನನಗೆ ಹೊಳೆಯಲೇ ಇಲ್ಲ. ಬೇಳೆಯ ಸೂಪು ಬಂತು. ಅಂಕಲ್ ಮಾತಾಡುತ್ತಲೇ ಹೋದರು. ಹೇಳಿದ್ದರಲ್ಲಿ ಬಹುಪಾಲು ಈಗ ನೆನಪಿಲ್ಲ. ಒಂದೊಂದು ಪದವೂ ಪೂರ್ತಿಯಾಗಿ ಬರುತ್ತಿದೆಯೇ ಎಂದಷ್ಟೇ ನಾನು ಆಲಿಸುತ್ತಿದ್ದೆ. ಬರುತ್ತಿತ್ತು.