ತಿಮಿಂಗಿಲಕ್ಕೆ ಹಚ್ಚಿದ ವಿಭೂತಿ

ನಮ್ಮ ಶಾಲೆಗೆ ಸ್ಮಾರ್ಟ್ ಟಿವಿ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಒಂದು ವಾರ ತಡವಾಗಿ ಬಂದಿದ್ದರೆ ಇಷ್ಟು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮರುದಿನ ಹೆಡ್‌ಮಾಸ್ತರು ತುರ್ವಿಹಾಳದ ತಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಪೂಜೆ ಮುಗಿಸಿ, ಅದೇ ತಟ್ಟೆ ಹಿಡಿದು ಶಾಲೆಗೆ ಬಂದರು. ವಿಭೂತಿಯನ್ನು ನೀರಿನಲ್ಲಿ ಕಲಸಿ ಪರದೆಯ ನಟ್ಟನಡುವೆ ಮೂರು ಪಟ್ಟೆ ಎಳೆದರು, ನಡುವೆ ಕುಂಕುಮ ಇಟ್ಟರು. ಟ್ರ್ಯಾಕ್ಟರಿನ ಬಾನೆಟ್ಟಿಗೆ ಹಚ್ಚಿ ರೂಢಿಯಾದ ಕೈ, ಅಳತೆ ಧಾರಾಳವಾಗಿಯೇ ಇತ್ತು.

"ಸರ, ಚೌಕಟ್ಟಿಗೆ ಹಚ್ಚಿದ್ರ ಆಗ್ತಿತ್ತೇನೋ," ಎಂದೆ.

"ಟೀಚರ್, ವಿಭೂತಿ ಹಣಿಗಿ ಹಚ್ತಾರೋ, ಕಿವಿಗಿ ಹಚ್ತಾರೋ?" ಎಂದರು.

ಒಣಗಿದ ಮೇಲೆ ಅದನ್ನು ಒರೆಸುವವರು ಯಾರು? ಹಚ್ಚಿದವರಿಗೆ ಮನಸ್ಸಿಲ್ಲ, ಉಳಿದವರಿಗೆ ಧೈರ್ಯವಿಲ್ಲ. ಹಾಗೇ ಉಳಿಯಿತು.

ಏಳನೇ ತರಗತಿಗೆ ವಿಜ್ಞಾನ ಹೇಳುವವಳು ನಾನು. ನಮ್ಮ ಮಕ್ಕಳು ಕಂಡ ದೊಡ್ಡ ನೀರು ಎಂದರೆ ಕಾಲುವೆ. ಚೆನ್ನಾಗಿ ಪರಿಚಯವಿರುವ ಜಲಚರ ಎಂದರೆ ಭತ್ತದ ಗದ್ದೆಯ ಏಡಿ. ಪೆನ್‌ಡ್ರೈವ್ ಚುಚ್ಚಿ ಕಡಲಪ್ರಾಣಿಗಳ ವಿಡಿಯೋ ಹಚ್ಚಿದಾಗ ಮಕ್ಕಳು ಮುಂದೆ ಸರಿದು ಕೂತವು. ಅದನ್ನು ಮಾಡಿದ ಪುಣ್ಯಾತ್ಮರು ಪ್ರತಿ ಪ್ರಾಣಿಯನ್ನೂ ನಟ್ಟನಡುವೆಯೇ ತಂದು ನಿಲ್ಲಿಸುತ್ತಿದ್ದರು. ಹೀಗಾಗಿ ಶಾರ್ಕ್ ವಿಭೂತಿ ಧರಿಸಿ ಬಂತು, ಕಡಲಾಮೆಯೂ ಧರಿಸಿ ಬಂತು. ಆಕ್ಟೋಪಸ್ ಬಂದಾಗ ಹಿಂದಿನ ಸಾಲಿನಿಂದ ದನಿ ಕೇಳಿತು: "ಇದಕ್ಕ ಎಂಟು ಕೈ ಅದಾವಲೇ, ತಾನ ಹಚ್ಕೊಂಡೈತಿ!"

ತಿಮಿಂಗಿಲದ ಮೂಗಿನ ಹೊಳ್ಳೆ ತಲೆಯ ಮೇಲಿರುತ್ತದೆ ಎಂದು ಬಾಯಲ್ಲೇ ಹೇಳಿದೆ. ತೋರಿಸೋಣವೆಂದರೆ ಅಲ್ಲಿ ಕುಂಕುಮ ಕೂತಿತ್ತು.

ಅಷ್ಟರಲ್ಲಿ ಸಿಂಧನೂರಿನ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಫೋನ್ ಬಂತು. ಟಿವಿ ಇದ್ದೂ ಮಕ್ಕಳು ಏನೂ ಕಲಿಯದ ಶಾಲೆಯಿಂದ ಅದನ್ನು ಎತ್ತಿ ಬೇರೆ ಶಾಲೆಗೆ ಕೊಡುತ್ತಾರಂತೆ, ನೋಡಲು ಸೋಮವಾರ ಸಾಹೇಬರು ಬರುತ್ತಾರಂತೆ. ಹೆಡ್‌ಮಾಸ್ತರಿಗೆ ಅದು ಮರ್ಯಾದೆಯ ಪ್ರಶ್ನೆ. ನನ್ನ ಚಿಂತೆ ಬೇರೆ. ಟಿವಿ ಹೋದರೆ ನಾನು ಮತ್ತೆ ಸೀಮೆಸುಣ್ಣ ಹಿಡಿದು ತಿಮಿಂಗಿಲ ಬಿಡಿಸಬೇಕು. ನಾನು ಬಿಡಿಸಿದ್ದು ತೊಟ್ಟು ಮುರಿದ ಬದನೆಕಾಯಿ ಥರ ಇರುತ್ತದೆ. ಎಷ್ಟೋ ಮಕ್ಕಳು ಅದನ್ನೇ ನಂಬಿ ಪಾಸಾಗಿ ಹೋಗಿದ್ದಾರೆ.

ಸೋಮವಾರ ಸಾಹೇಬರು ಬಂದರು. ಅವರ ಹಣೆಯ ಮೇಲೂ ಮೂರು ಎಳೆ. ಪರದೆಯ ಮೇಲೆ ತಿಮಿಂಗಿಲ ನಿಲ್ಲಿಸಿ, ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು.

"ಇದು ಎಲ್ಲಿಂದ ಉಸಿರಾಡತೈತೆವ್ವಾ?"

"ತಲಿ ಮ್ಯಾಲಿನ ಹೊಳ್ಳಿಯಿಂದರೀ ಸರ. ನೀರಿನ ಮ್ಯಾಲ ಬಂದು ಉಸರು ಬಿಡತೈತ್ರಿ."

"ಹೊಳ್ಳಿ ಎಲ್ಲೈತಿ, ತೋರಸು."

"ಕಾಣಂಗಿಲ್ರಿ. ಅದರ ಮ್ಯಾಲ ಹೆಡ್ ಸರ ವಿಭೂತಿ ಹಚ್ಯಾರ."

ನಾನು ನನ್ನ ಸೀರೆಯ ಅಂಚು ನೋಡುತ್ತ ನಿಂತೆ. ಟಿವಿ ಆಗಲೇ ಟಂಟಂ ಗಾಡಿ ಹತ್ತಿದ ಹಾಗೆ ಅನಿಸಿತು.

"ಒರಸ್ರಿ ಮತ್ತ," ಎಂದರು ಸಾಹೇಬರು, ಹೆಡ್‌ಮಾಸ್ತರ ಕಡೆ ತಿರುಗಿ.

"ಇವತ್ತ ಸೋಮವಾರ ಐತಲ್ರಿ, ಸರ."

ಸಾಹೇಬರ ಕೈ ತಮ್ಮ ಹಣೆಯವರೆಗೆ ಹೋಗಿ ಬಂತು. "ಹೌದು ನೋಡ್ರಿ, ಅದೂ ಖರೇನ. ನಾಳೆ ಒರಸ್ರಿ. ಟಿವಿ ಇಲ್ಲೇ ಇರ್ಲಿ. ಕಾಣದ ಇಷ್ಟು ಕಲ್ತಾವು, ಕಂಡ್ರ ಇನ್ನೊಂದೀಟು ಕಲೀತಾವು."

ಮಂಗಳವಾರ ಹೆಡ್‌ಮಾಸ್ತರು ಕೈ ಮುಗಿದು, ತಾವೇ ಒದ್ದೆ ಬಟ್ಟೆಯಿಂದ ಒರೆಸಿದರು. ತಿಮಿಂಗಿಲ ಮೇಲೆ ಬಂತು. ಪಂಪಿನ ಪೈಪು ಒಡೆದ ಹಾಗೆ ಅದರ ಉಸಿರು ಚಿಮ್ಮಿತು. ನಿನ್ನೆಯ ಹುಡುಗಿ ತಡೆಯಲಾರದೆ ಓಡಿ ಬಂದು ಬೆರಳಿಟ್ಟಳು.

"ಟೀಚರ್, ಇಲ್ಲೇ ಐತ್ರಿ ಹೊಳ್ಳಿ!"

"ಏ, ಕೈ ತಗಿ ಬೇ!" ಬಾಗಿಲಿನಿಂದ ಹೆಡ್‌ಮಾಸ್ತರು ಕೂಗಿದರು. "ಪರದೆ ಹೊಲಸಾಗತೈತಿ!"